ಚಕ್ರವರ್ತಿಯ ಕತ್ತಿನ ಗೆರೆ

"ಅಯ್ಯೋ, ಉಜ್ಜಬೇಡಿ!"

ಮೇಜಿನಾಚೆ ನಿಂತಿದ್ದವನ ಮಣಿಕಟ್ಟನ್ನು ಅವಳು ಗಟ್ಟಿಯಾಗಿ ಹಿಡಿದುಬಿಟ್ಟಿದ್ದಳು. ಅವನ ಒಂದು ಕೈಯಲ್ಲಿ ಹಸಿರುಗಟ್ಟಿದ ಕಂಚಿನ ನಾಣ್ಯ, ಇನ್ನೊಂದರಲ್ಲಿ ಕರವಸ್ತ್ರ.

"ಕೊಳೆ ಇತ್ತಲ್ಲ ಅಂತ…"

"ಅದು ಕೊಳೆ ಅಲ್ಲ ರೀ, ಕಿಲುಬಿನ ಪೊರೆ! ಇಷ್ಟು ಶತಮಾನ ಅದನ್ನ ಕಾಪಾಡ್ಕೊಂಡು ಬಂದಿರೋದೇ ಆ ಪೊರೆ. ನೀವು ಒಂದು ನಿಮಿಷದಲ್ಲಿ ತಿಕ್ಕಿ ತೆಗೀತಿದ್ರಿ!"

"ಸರಿ, ತಿಕ್ಕಲ್ಲ. ಕೈ ಬಿಟ್ರೆ ಕರವಸ್ತ್ರನ ಜೇಬಿಗಾದ್ರೂ ಹಾಕ್ಕೋತೀನಿ."

ಅವಳು ಬೆಂಕಿ ತಾಗಿದವಳಂತೆ ಕೈ ಎಳೆದುಕೊಂಡಳು. ಮುಖ ಕೆಂಪಾಯಿತು. ಛೆ, ಗಿರಾಕಿಯ ಕೈ ಹಿಡಿಯುವುದೆಂದರೇನು!

ಹಳೆಯ ನಾಣ್ಯಗಳ ಆ ಅಂಗಡಿಯಲ್ಲಿ ಅವಳದು ಗುರುತು ಹಿಡಿಯುವ ಕೆಲಸ. ಕಿಟಕಿಯ ಪಕ್ಕ ಒಂದು ಮೇಜು, ಒಂದು ದೀಪ, ಭೂತಗನ್ನಡಿ, ಪುಟ್ಟ ತಕ್ಕಡಿ. ಅವನು ಶಾಲೆಯಲ್ಲಿ ಭೂಗೋಳದ ಮೇಷ್ಟ್ರು. ಅವನನ್ನು ಸಾಕಿ ಬೆಳೆಸಿದ ದೊಡ್ಡಪ್ಪ ಹಡಗಿನಲ್ಲಿ ಅಡುಗೆಯವರಾಗಿದ್ದರು. ಬಂದರಿನಿಂದ ಬಂದರಿಗೆ ಹೋಗುತ್ತ ನಾಣ್ಯ ಕೂಡಿಟ್ಟಿದ್ದರು. ಈಗ ದೊಡ್ಡಪ್ಪ ಇಲ್ಲ, ಡಬ್ಬಿ ಉಳಿದಿತ್ತು.

"ಮಾರೋಕಲ್ಲ," ಎಂದ ಅವನು. "ಇವು ಯಾವ ಊರಿನವು ಅಂತ ತಿಳಿದ್ರೆ ಸಾಕು. ದೊಡ್ಡಪ್ಪನಿಗೂ ಗೊತ್ತಿರ್ಲಿಲ್ಲ."

ಅವಳು ನಾಣ್ಯವನ್ನು ದೀಪದ ಕೆಳಗೆ ಓರೆ ಮಾಡಿದಳು. "ಈ ಕಡೆ ನೋಡಿ, ರೋಮಿನ ಚಕ್ರವರ್ತಿ. ಈಗ ತಿರುಗಿಸಿ… ಅಕ್ಷರ ಗ್ರೀಕ್. ಒರಗಿ ಕೂತಿರೋದು ಆ ಊರಿನ ನದಿದೇವರು. ಆಳೋನು ಎಲ್ಲೋ ದೂರದಲ್ಲಿ, ನದಿ ಮಾತ್ರ ನಮ್ಮದು ಅನ್ನೋ ಜನ. ತಲೆ ಅವನದು ಹಾಕಿ, ಬೆನ್ನಿಗೆ ತಮ್ಮೂರನ್ನ ಹಾಕ್ಕೊಂಡ್ರು."

"ಜಾಣರು!" ಎಂದು ಅವನು ನಕ್ಕ. ಆ ನಗು ಅವಳ ಜೊತೆ ಮನೆವರೆಗೂ ಬಂತು.

ಅಲ್ಲಿಂದಾಚೆ ಪ್ರತಿ ಗುರುವಾರ ಶಾಲೆ ಬಿಟ್ಟ ಮೇಲೆ ಅವನು ಬರತೊಡಗಿದ. ಬಂದಾಗಲೆಲ್ಲ ಒಂದೇ ನಾಣ್ಯ.

"ಡಬ್ಬಿನೇ ತಂದ್ರೆ ಒಂದೇ ದಿನದಲ್ಲಿ ಮುಗಿಯುತ್ತಲ್ಲ ಮೇಷ್ಟ್ರೇ?"

"ಅದೇ ನನ್ನ ಭಯ ಕಣ್ರೀ… ಒಂದೇ ದಿನದಲ್ಲಿ ಮುಗಿದುಹೋದ್ರೆ?"

ಅವಳು ತಲೆ ಎತ್ತಲಿಲ್ಲ. ಆಗಲೇ ನೋಡಿ ಮುಗಿಸಿದ್ದ ಚಕ್ರವರ್ತಿಯ ಮೂಗನ್ನು ಭೂತಗನ್ನಡಿಯಲ್ಲಿ ಮತ್ತೊಮ್ಮೆ ನೋಡಿದಳು.

ಗುರುವಾರ ಎಂದರೆ ಅವಳು ಈಗ ಬೆಳಗಿನಿಂದಲೇ ಬಾಗಿಲ ಕಡೆ ಮುಖ ಮಾಡಿ ಕೂರುವಳು. ಬಾಗಿಲು ಕಿರ್ರೆಂದರೆ ಕೈಯಲ್ಲಿದ್ದ ನಾಣ್ಯ ಕೆಳಗಿಡುವಳು. ಬರುತ್ತಾನೋ ಇಲ್ಲವೋ… ಬಂದರೆ ಏನು ಮಾತಾಡಲಿ… ಇಷ್ಟು ಒಳ್ಳೆಯವನು ನನ್ನಂಥವಳ ಮೇಜಿನ ಮುಂದೆ ಯಾಕೆ ಕೂರುತ್ತಾನೆ?

ಮನೆಯಲ್ಲಿ ಅಕ್ಕ ಬಿಡುವವಳಲ್ಲ. "ಏನೇ, ಮೂರು ಸಲ ಸೀರೆ ಬದಲಾಯಿಸಿದೆ? ಯಾವ ರಾಜ ಬರ್ತಾನೆ ಇವತ್ತು, ಕಂಚಿನವನೋ ಜೀವ ಇರೋನೋ?"

"ಸುಮ್ನಿರೇ ಅಕ್ಕ!"

ಅಂಗಡಿಯ ಯಜಮಾನರ ಮಾತೇ ಬೇರೆ. ಅವರು ವ್ಯಾಪಾರದಲ್ಲಿ ಏಟು ತಿಂದವರು. "ನೋಡಮ್ಮ, ನಕಲಿ ತರೋನು ಮೊದಲನೇ ದಿನಾನೇ ನಕಲಿ ತರಲ್ಲ. ಒಳ್ಳೇದು ನಾಲ್ಕು ತರ್ತಾನೆ, ನಗ್ತಾನೆ, ನಂಬಿಸ್ತಾನೆ. ಆಮೇಲೆ ಮೆಲ್ಲಗೆ ಒಂದನ್ನ ತಳ್ತಾನೆ. ನೀನು ಹೂಂ ಅಂದ್ರೆ ಅದು ಅಸಲಿ ಆಯ್ತು. ನಿನ್ನ ಮಾತಿಗೆ ಬೆಲೆ ಇದೆ, ಹುಷಾರು."

ಆ ಮಾತು ಮುಳ್ಳಿನಂತೆ ಒಳಗೇ ಉಳಿಯಿತು.

ಮುಂದಿನ ಗುರುವಾರ ಅವನು ತಂದ ನಾಣ್ಯದ ಹಿಂಬದಿಯಲ್ಲಿ ಹಡಗಿನ ಮೂತಿ ಇತ್ತು. "ಇದು ದೊಡ್ಡಪ್ಪನಿಗೆ ಪ್ರಾಣ. ಸಾಯೋವರೆಗೂ ಜೇಬಲ್ಲೇ ಇಟ್ಕೊಂಡಿದ್ರು," ಎಂದು ಅವನು ಅಂಗೈ ಚಾಚಿದ.

ಅವಳು ತಿರುಗಿಸಿದಳು. ಚಕ್ರವರ್ತಿಯ ಮುಖ. ಕತ್ತಿನ ಮೇಲೆ ಕೂದಲೆಳೆಯಂಥ ಉಬ್ಬು ಗೆರೆ.

ಅವಳು ಭೂತಗನ್ನಡಿಯನ್ನು ಇನ್ನೂ ಹತ್ತಿರ ತಂದಳು.

ಈ ಮುಖವನ್ನು ಅವಳು ನೋಡಿದ್ದಳು! ಅಂಗಡಿಯ ಡ್ರಾಯರಿನಲ್ಲೇ ಇತ್ತು. ಅದೇ ಕಿವಿ, ಅದೇ ಗಡ್ಡ, ಕತ್ತಿನಲ್ಲಿ ಅದೇ ಗೆರೆ. ಆದರೆ ಅದು ಬೇರೆ ಊರಿನದು, ಅದರ ಬೆನ್ನಿಗೆ ಇದ್ದದ್ದು ಗುಡಿ. ಒಂದರ ತಲೆ, ಇನ್ನೊಂದರ ಬೆನ್ನು ತೆಗೆದು ಸೇರಿಸಿ ಎರಕ ಹೊಯ್ಯುವುದು ನಕಲಿ ಮಾಡುವವರ ಹಳೆಯ ಆಟ.

ಒಳ್ಳೆಯದು ನಾಲ್ಕು ತರುತ್ತಾನೆ… ನಗುತ್ತಾನೆ… ನಂಬಿಸುತ್ತಾನೆ…

"ಇದನ್ನ ಯಾರ ಹತ್ರ ಮಾಡಿಸಿದ್ರಿ?" ಅವಳ ದನಿ ಅವಳಿಗೇ ಬೇರೆಯವರದೆಂಬಂತೆ ಕೇಳಿಸಿತು.

"ಏನಂದ್ರಿ?"

"ಈ ಮುಖ ನಮ್ಮಲ್ಲಿರೋ ನಾಣ್ಯದ್ದು. ಇಷ್ಟು ದಿನ ನೀವು ಬಂದಿದ್ದು ಇದಕ್ಕೇನಾ? ನನ್ನ ಬಾಯಲ್ಲಿ ಅಸಲಿ ಅನ್ನಿಸೋಕೆ?"

ಅವನ ಮುಖ ಬಿಳಿಚಿಕೊಂಡಿತು. ಸಿಟ್ಟು ಬರುತ್ತದೆಂದು ಅವಳು ಕಾದಳು. ಬಂದದ್ದು ನೋವು.

"ದೊಡ್ಡಪ್ಪನಿಗೆ ಯಾರೋ ಮೋಸ ಮಾಡಿರಬಹುದು ಅಂದಿದ್ರೆ ಒಪ್ತಿದ್ದೆ. ನಾನು ಅಂದ್ಕೊಂಡ್ರಲ್ಲ…" ಅವನು ಎದ್ದ. "ನಕಲಿಗೆ ನಿಮ್ಮಲ್ಲಿ ಏನು ಮಾಡ್ತೀರೋ ಅದನ್ನೇ ಮಾಡಿ. ನನಗೆ ಬೇಡ."

ಬಾಗಿಲು ಮುಚ್ಚಿಕೊಂಡಿತು.

ನಕಲಿ ಮತ್ತೆ ಸಂತೆಗೆ ಹೋಗದಿರಲಿ ಎಂದು ಅದರ ಅಂಚಿಗೆ ಅರದಿಂದ ಆಳವಾಗಿ ಗೀರು ಹಾಕುವುದು ಆ ಅಂಗಡಿಯ ಪದ್ಧತಿ. ಮರುದಿನ ಯಜಮಾನರು ಹೊರಡುವಾಗ, "ಇವತ್ತೇ ಗೀರು ಹಾಕಿಬಿಡಮ್ಮ," ಎಂದರು.

ಹಿಂದಿನ ರಾತ್ರಿ ಅವಳು ಅನ್ನ ಮುಟ್ಟಿರಲಿಲ್ಲ. ಅಕ್ಕ ತಮಾಷೆ ಬಿಟ್ಟು ಪಕ್ಕದಲ್ಲಿ ಕೂತಿದ್ದಳು. "ನಾಣ್ಯ ನೋಡೋವಾಗ ಎಲ್ಲಿ ತಪ್ಪಿದೆ ಅಂತ ಹುಡುಕ್ತೀಯ, ಅದು ನಿನ್ನ ಕೆಲಸ. ಮನುಷ್ಯನ್ನೂ ಹಾಗೇ ನೋಡಿದ್ಯಲ್ಲೇ," ಎಂದಿದ್ದಳು.

ಅವಳು ನಾಣ್ಯವನ್ನು ಇಕ್ಕಳಕ್ಕೆ ಸಿಕ್ಕಿಸಿದಳು. ಅರ ಎತ್ತಿಕೊಂಡಳು. ಅಂಚಿಗೆ ತಾಗಿಸಿ ನಿಲ್ಲಿಸಿದಳು. ಹಾಕಿದ ಗೀರು ಮತ್ತೆ ಮುಚ್ಚುವಂಥದ್ದಲ್ಲ. ಒಬ್ಬ ಮುದುಕರು ಜೇಬಿನಲ್ಲಿಟ್ಟು ಕಡಲೆಲ್ಲ ಸುತ್ತಿಸಿದ್ದು…

ಅಂಚಿನಲ್ಲಿ ಎರಕದ ಎರಡು ಭಾಗ ಕೂಡುವ ಜೋಡುಗೆರೆ ಕಾಣಲಿಲ್ಲ. ನಿನ್ನೆ ಅಂಚನ್ನು ನೋಡಿದ್ದೆನಾ? ಇಲ್ಲ. ಅವನ ಮುಖ ನೋಡಿ ಹೆದರಿದ್ದೆ, ಅಷ್ಟೆ!

ಅರ ಕೆಳಗಿಟ್ಟಳು. ಡ್ರಾಯರಿನ ನಾಣ್ಯವನ್ನು ತಂದು ಪಕ್ಕದಲ್ಲಿಟ್ಟಳು. ಎರಡೂ ಗೆರೆಗಳನ್ನು ಭೂತಗನ್ನಡಿ ಹಿಡಿದು ನೋಡಿದಳು.

ಅಂಗಡಿಯ ನಾಣ್ಯದಲ್ಲಿ ಗೆರೆ ಕತ್ತಿನಿಂದ ಗಡ್ಡದವರೆಗೆ ಹತ್ತಿತ್ತು. ದೊಡ್ಡಪ್ಪನದರಲ್ಲಿ ಕತ್ತಿನ ನಡುವಿಗೇ ನಿಂತಿತ್ತು.

ಗಿಡ್ಡ ಗೆರೆ!

ನಾಣ್ಯ ಹೊಡೆಯುವ ಅಚ್ಚಿನಲ್ಲಿ ಬಿಟ್ಟ ಬಿರುಕು ನಾಣ್ಯದ ಮೇಲೆ ಉಬ್ಬು ಗೆರೆಯಾಗಿ ಬೀಳುತ್ತದೆ. ಹೊಡೆದಷ್ಟೂ ಬಿರುಕು ಬೆಳೆಯುತ್ತದೆ, ಕುಗ್ಗುವುದಿಲ್ಲ. ಉದ್ದ ಗೆರೆಯ ನಾಣ್ಯದಿಂದ ಮುಖ ಕದ್ದವನು ಗಿಡ್ಡ ಗೆರೆಯನ್ನು ಎಲ್ಲಿಂದ ತಂದಾನು? ಒಂದೇ ಅಕ್ಕಸಾಲಿಗರ ತಂಡ ಅದೇ ಮುಖದ ಅಚ್ಚನ್ನು ಹೊತ್ತು ಮೊದಲು ಹಡಗಿನ ಊರಿಗೆ ಹೋಗಿದೆ, ಆಮೇಲೆ ಗುಡಿಯ ಊರಿಗೆ. ಅಕ್ಕಪಕ್ಕದ ಊರುಗಳಿಗೆ ಹಾಗೆ ನಾಣ್ಯ ಹೊಡೆದುಕೊಡುತ್ತಿದ್ದರೆಂದು ಅವಳಿಗೆ ಗೊತ್ತೇ ಇತ್ತು. ಭಯದ ಮುಂದೆ ಓದಿದ್ದೆಲ್ಲ ಮರೆತಿತ್ತು.

ಯಜಮಾನರಿಗೆ ಫೋನ್ ಮಾಡಿ, ಎರಡೂ ನಾಣ್ಯ ತೆಗೆದುಕೊಂಡು ಅವಳು ಶಾಲೆಗೆ ಓಡಿದಳು.

ಮಕ್ಕಳು ಮನೆಗೆ ಹೋಗಿದ್ದರು. ಅವನು ಖಾಲಿ ತರಗತಿಯಲ್ಲಿ ಗೋಡೆಯ ಭೂಪಟ ಸುತ್ತುತ್ತಿದ್ದ. ಅವಳನ್ನು ಕಂಡು ಕೈ ನಿಂತಿತು.

"ನಕಲಿಗೆ ಮಾಡೋದನ್ನ ಮಾಡಿ ಆಯ್ತಾ?"

"ಇಲ್ಲ… ನಾಣ್ಯ ಅಸಲಿ. ತಪ್ಪು ನನ್ನದು." ಮಕ್ಕಳ ಬೆಂಚಿನ ಮೇಲೆ ಎರಡನ್ನೂ ಇಟ್ಟು, ಗೆರೆ ತೋರಿಸಿ, ಒಂದೇ ಉಸಿರಿಗೆ ಎಲ್ಲ ಹೇಳಿದಳು. ಅವನು ಬಗ್ಗಿ ತುಂಬ ಹೊತ್ತು ನೋಡಿದ.

"ದೊಡ್ಡಪ್ಪ ಮೋಸ ಹೋಗಿರ್ಲಿಲ್ಲ ಹಾಗಾದ್ರೆ." ಕಣ್ಣೊರೆಸಿಕೊಂಡ. "ಇದನ್ನ ಹೇಳಿದ್ದಕ್ಕೆ ಉಪಕಾರ ಆಯ್ತು. ಆದ್ರೆ ನಾಣ್ಯ ನಕಲಿಯೇ ಆಗಿದ್ರೂ, ನಾನು ಮೋಸಗಾರ ಆಗ್ತಿದ್ನಾ?"

ಈಗ ಹೇಳದಿದ್ದರೆ ಇನ್ನೆಂದೂ ಇಲ್ಲ.

"ಗುರುವಾರ ಬೆಳಗಿನಿಂದ ಬಾಗಿಲನ್ನೇ ನೋಡ್ತಿದ್ದೆ, ಪ್ರತಿ ವಾರ. ಯಾವುದನ್ನೂ ಅಷ್ಟು ಆಸೆಪಟ್ಟಿರಲಿಲ್ಲ ನಾನು. ಇಷ್ಟು ಆಸೆಪಟ್ಟಿದ್ದು ನನಗೆ ನಿಜವಾಗಿ ಸಿಗೋಕೆ ಸಾಧ್ಯಾನೇ ಇಲ್ಲ, ಎಲ್ಲೋ ಏನೋ ಸುಳ್ಳಿದೆ ಅನ್ನಿಸ್ತಿತ್ತು. ಗೆರೆ ಕಂಡ ತಕ್ಷಣ… ನೋಡು, ಸುಳ್ಳು ಸಿಕ್ಕಿಬಿತ್ತು ಅಂದ್ಕೊಂಡೆ. ನಿಮ್ಮನ್ನ ಪ್ರೀತಿಸ್ತೀನಿ ಅನ್ನೋಕೆ ಹೆದರಿ, ನಿಮ್ಮನ್ನೇ ಕಳ್ಳ ಮಾಡಿದೆ."

ಅವನು ಭೂಪಟವನ್ನು ನಿಧಾನವಾಗಿ ಸುತ್ತಿ, ದಾರ ಕಟ್ಟಿ, ಮೂಲೆಗೆ ನಿಲ್ಲಿಸಿದ.

"ಮುಂದಿನ ಗುರುವಾರದವರೆಗೆ ಹೇಗೆ ಕಳೀಲಿ ಅಂತ ನಾನೂ ಒದ್ದಾಡ್ತಿದ್ದೆ," ಎಂದ ಕೊನೆಗೆ. "ನನಗೂ ಪ್ರೀತಿನೇ ಕಣ್ರೀ. ಕೋಪ ಬಂದಿದೆ ಅಂತ ಅದೇನು ಹೋಗಲ್ಲ."

ಅವಳಿಗೆ ಅಳು, ನಗು ಎರಡೂ ಒಟ್ಟಿಗೆ ನುಗ್ಗಿದವು. "ಕೋಪ ಇನ್ನೂ ಇದೆಯಾ?"

"ಇದೆ. ನಡೀತಾ ಮಾತಾಡಿದ್ರೆ ನಿಮ್ಮ ಮನೆ ಮುಟ್ಟೋಷ್ಟರಲ್ಲಿ ಇಳಿಯಬಹುದು."

"ನಮ್ಮನೆ ಪಕ್ಕದ ಬೀದೀಲೇ ಇದೆಯಲ್ಲ, ಮೇಷ್ಟ್ರೇ…"

ಅವನು ಕೈ ಚಾಚಿದ. "ಭೂಗೋಳ ಪಾಠ ಮಾಡೋನು ಕಣ್ರೀ ನಾನು. ಊರು ಸುತ್ತಿಸ್ಕೊಂಡು ಹೋಗೋ ದಾರಿ ನನಗೆ ಗೊತ್ತಿರಲ್ವಾ?"