ಪಾಲಯ್ಯನ ಕಾರಿನ ಹೆಡ್

"ಕೇಳಿದ್ರಾ?" ಗೇಟಿನ ಆಚೆಯಿಂದಲೇ ಹಾಲಸ್ವಾಮಿ ಕೇಳಿದ.

ಜಗಲಿಯಲ್ಲಿ ಕಾಳು ಹಸನು ಮಾಡುತ್ತಿದ್ದ ಏಕಾಂತ ಮೊರದಿಂದ ತಲೆ ಎತ್ತದೆಯೇ ಅಂದಳು, "ಅತ್ತೆ ಇನ್ನೂ ಒಪ್ಪಿಲ್ಲ."

ಹಾಗೆ ಹೇಳಿದರೆ ಅವನು ಒಳಗೆ ಬರುತ್ತಾನೆ, ಜಗಲಿಯ ಅಂಚಿನಲ್ಲಿ ಕೂರುತ್ತಾನೆ, ನೀರಿನ ಚೊಂಬು ತೆಗೆದುಕೊಳ್ಳುವಾಗ ಬೆರಳು ತಾಗದಂತೆ ಎಚ್ಚರ ವಹಿಸುತ್ತಾನೆ. ಆ ಎಚ್ಚರವನ್ನು ನೋಡುವ ಆಸೆಗೇ ಅವಳು ಸುಳ್ಳು ಹೇಳುತ್ತಿದ್ದಳು.

ಗಂಡ ಪಾಲಯ್ಯ ಕಾಮಾಲೆಯಲ್ಲಿ ತೀರಿಕೊಂಡ ಮೇಲೆ ಅವನ ಅಂಬಾಸಿಡರ್ ಹಿರಿಯೂರಿನ ಮನೆಯ ಪಕ್ಕದ ತಗಡಿನ ಶೀಟಿನ ಕೆಳಗೆ ತುಕ್ಕು ಹಿಡಿಯುತ್ತಾ ನಿಂತಿತ್ತು. ಹಾಲಸ್ವಾಮಿ ಅವನ ಗೆಳೆಯ. ಆದಿವಾಲದ ಕಡೆಯಿಂದ ಜನರನ್ನೂ ತರಕಾರಿ ಬುಟ್ಟಿಗಳನ್ನೂ ತರುವ ಟ್ರೆಕ್ಕರ್ ಗಾಡಿ ಇವನದು. ನೀರಿಲ್ಲದೆ ಓಡಿಸಿ ಅದರ ಇಂಜಿನ್ನಿನ ಮೇಲೆ ಮುಚ್ಚಳದಂತೆ ಕೂರುವ ಹೆಡ್ ಬಿರುಕು ಬಿಟ್ಟಿತ್ತು. ಟ್ರೆಕ್ಕರ್‌ನೊಳಗಿರುವುದೂ ಅಂಬಾಸಿಡರ್ ಇಂಜಿನ್ನೇ. ಪಾಲಯ್ಯನ ಕಾರಿನ ಹೆಡ್ ಅದಕ್ಕೆ ಹಾಗೇ ಕೂರುತ್ತದೆ.

"ದುರ್ಗದ ಗುಜರೀಲಿ ಸಿಗಲಿಲ್ವಾ?" ಅವಳು ಕೇಳಿದಳು.

"ಒಂದೈತೆ, ಅಂಬಾಸಿಡರ್‌ಗಿಂತ ಮುಂಚೆ ಬರ್ತಿದ್ದ ಹಳೇ ಲ್ಯಾಂಡ್‌ಮಾಸ್ಟರ್ ಕಾರಿಂದು. ಒಂದೇ ಮನೆತನ ಅಂತ ಹೆಸರಿಗಷ್ಟೇ. ಅದರ ವಾಲ್ವೆಲ್ಲ ಹೆಡ್ಡಲ್ಲಿಲ್ಲ, ಕೆಳಗೆ ಇಂಜಿನ್ ಬ್ಲಾಕಲ್ಲೇ ಅವೆ. ಹೊಂದಲ್ಲ. ಜಾತಕ ನೋಡದೆ ಹೆಣ್ಣು ತಂದಂಗಾಗ್ತದೆ."

ಅವಳಿಗೆ ನಗು ಬಂತು. ಬಂದ ಮರುಕ್ಷಣವೇ ಶೀಟಿನ ಕಡೆ ಕಣ್ಣು ಹೋಗಿ, ಅವಳು ಮತ್ತೆ ಮೊರದ ಮೇಲೆ ಬಗ್ಗಿದಳು. ಮೊದಲೆಲ್ಲ ಇವನು ಅವಳನ್ನು ಅತ್ತಿಗೆ ಎನ್ನುತ್ತಿದ್ದ. ಈಚೆಗೆ ಏನೂ ಅನ್ನುವುದಿಲ್ಲ.

ಬೀದಿಯಲ್ಲಿ ಬದನೆಕಾಯಿ ಬುಟ್ಟಿ ಹೊತ್ತ ಬೊಮ್ಮಕ್ಕ ನಿಂತಳು. ದಿನಾ ಇವನ ಗಾಡಿಯಲ್ಲಿ ಬರುತ್ತಿದ್ದವಳು ಈಗ ಆದಿವಾಲದಿಂದ ನಡೆದೇ ಬಂದಿದ್ದಳು. "ಏನಪ್ಪ ಸ್ವಾಮಿ, ನಿನ್ ಗಾಡಿ ಎದ್ದೇಳೋದ್ರೊಳಗೆ ನನ್ ಕತ್ತು ಮುರೀತೈತೆ. ಇಲ್ಲಿ ಕುಂತು ನೀರು ಕುಡೀತಾ ಇದೀಯಾ!"

ತನ್ನ ಸುಳ್ಳಿನಿಂದಲೇ ಇವಳು ನಡೆಯಬೇಕಾಯಿತು ಎನಿಸಿ ಏಕಾಂತಳಿಗೆ ಮೊರದ ಕಾಳು ಮಂಜಾಗಿ ಕಂಡವು.

ಆ ಗದ್ದಲಕ್ಕೆ ಅತ್ತೆ ಗಿರಿಯಮ್ಮ ಹೊರಗೆ ಬಂದಳು. "ಯಾಕ್ಲೇ ಸ್ವಾಮಿ, ಗಾಡಿಗೇನಾಗೈತೆ?"

"ಹೆಡ್ ಹೋಗೈತಮ್ಮ. ಪಾಲಯ್ಯನ ಕಾರಿಂದು ಕೇಳಿದ್ನಲ್ಲ, ನೀವು ಬ್ಯಾಡ ಅಂದ್ರಂತೆ."

"ನಾನಾ? ನನ್ನ ಕೇಳ್ದೋರ್ಯಾರು?"

ಗಿರಿಯಮ್ಮ ಸೊಸೆಯನ್ನು ನೋಡಿದಳು, ಅವನನ್ನು ನೋಡಿದಳು, ಮತ್ತೆ ಸೊಸೆಯನ್ನೇ ನೋಡಿದಳು. "ಬಿಚ್ಕಂಡ್ ಹೋಗಪ್ಪ. ಕಬ್ಬಿಣ ಕಾಯ್ಕಂಡ್ ಕುಂತ್ರೆ ಮಗ ಬರ್ತಾನಾ?" ಎಂದು ಒಳಗೆ ಹೋದಳು. ಬೊಮ್ಮಕ್ಕನೂ ಬುಟ್ಟಿ ಸರಿಮಾಡಿಕೊಂಡು ಹೊರಟಳು.

ಅವನು ಸ್ಪ್ಯಾನರ್ ತಂದು ಕಾರಿನ ಬಾನೆಟ್ ಎತ್ತಿ ಒಂದೊಂದೇ ನಟ್ ಸಡಿಲಿಸಿದ, ಅವಳು ಪಕ್ಕದಲ್ಲಿ ನಿಂತಿದ್ದಳು. ಸುಳ್ಳು ಯಾಕೆ ಹೇಳಿದಿರಿ ಎಂದು ಕೇಳಲಿಲ್ಲ. ಅದನ್ನೇ ಅವಳಿಗೆ ತಡೆಯಲಾಗಲಿಲ್ಲ.

"ಕೊಟ್ಬಿಟ್ರೆ ನೀವು ಮತ್ತೆ ಬರಲ್ಲ ಅನ್ಕಂಡೆ."

ಅವನ ಕೈ ನಿಂತಿತು. ಕಿವಿ ಕೆಂಪಾಯಿತು. ನಿಧಾನವಾಗಿ ಹೆಡ್ ಎತ್ತಿ ಮಗುಚಿ ಇಟ್ಟ. ಒಳಗೆಲ್ಲ ಕರಿ ಮಸಿ. ಪಾಲಯ್ಯ ಕೊನೆಯ ಸಲ ಓಡಿಸಿದಾಗ ಉರಿದ ಪೆಟ್ರೋಲಿನದು. ಏಕಾಂತ ಬೆರಳಿನಿಂದ ಮುಟ್ಟಿದಳು. ಅಂಟಿಕೊಂಡಿತು.

"ಅವರ ಗಾಡಿ ಮುಂದೆ ನಿಂತು ಈ ಮಾತು ಆಡಿದೆನಲ್ಲ..."

"ನಾನೂ ದಿನಾ ಇದರ ಮುಂದೇನೇ ಕುಂತಿದ್ದೆ. ಪಾಲಯ್ಯಂಗೆ ಏನು ಹೇಳ್ಲಿ ಅಂತ ನಂಗೂ ಗೊತ್ತಾಗಿಲ್ಲ." ಕೆರೆದು ತೆಗೆಯಲು ಬ್ಲೇಡು ಹಿಡಿದವನು, ಅವಳನ್ನು ನೋಡಿ ಅದನ್ನು ಅವಳ ಕೈಗೇ ಕೊಟ್ಟ. ಬೆರಳು ತಾಗಿತು. ಅವನು ಎಚ್ಚರ ವಹಿಸಲಿಲ್ಲ.

ಅವಳು ಹೆಡ್ಡಿನ ಒಂದೊಂದೇ ಗುಂಡಿಯ ಮಸಿ ಕೆರೆದಳು. ಅಳು ಬಂತು, ಕೈ ನಿಲ್ಲಿಸಲಿಲ್ಲ. ಅವನು ಬಿಚ್ಚಿದ ನಟ್‌ಗಳನ್ನು ಒಂದೊಂದಾಗಿ ಒರೆಸಿಟ್ಟ.

ಹೊರಡುವಾಗ ಹೆಡ್ ಗೋಣಿಚೀಲದಲ್ಲಿ ಸುತ್ತಿ ಹೇಳಿದ: "ಹೊಸದಾಗಿ ಕೂರಿಸಿದ ಹೆಡ್ಡು ಒಂದ್ಸಲ ಬಿಸಿಯಾಗಿ ತಣ್ಣಗಾಗ್ಬೇಕು. ಆಮೇಲೆ ನಟ್ ಇನ್ನೊಂದ್ಸಲ ಬಿಗಿ ಮಾಡ್ಬೇಕು. ಇಲ್ದಿದ್ರೆ ಸೋರ್ತೈತೆ. ಗಾಡಿ ಇಲ್ಲಿಗೇ ತರ್ಲಾ?"

ಒಳಗೆ ಗಿರಿಯಮ್ಮ ರೊಟ್ಟಿ ತಟ್ಟುವ ಸದ್ದು ನಿಂತಿತ್ತು.

"ತರ್ರಿ," ಏಕಾಂತ ಅಂದಳು, ಒಳಗೆ ಕೇಳಿಸುವಷ್ಟು ಗಟ್ಟಿಯಾಗಿ. "ಅತ್ತೆ ಇದ್ದಾಗಲೇ ಬರ್ರಿ. ಇನ್ನು ಅವರ ಹೆಸರು ಹೇಳಿ ನಿಮ್ಮನ್ನ ಕರೆಸ್ಕಳಲ್ಲ."