ಎಣಿಸದೆ ಬಿಟ್ಟ ಹೆದರಿಕೆಗಳು

ಮೊದಲ ದಿನವೇ ಮೇಷ್ಟ್ರು ನನ್ನನ್ನು ತಪ್ಪು ತಿಳಿದರು.

ಹಳೇ ಕಟ್ಟಡವೊಂದರ ನೆಲಮಾಳಿಗೆಯಲ್ಲಿರುವ ಪುಟ್ಟ ಥಿಯೇಟರ್ ಅದು. ಇಪ್ಪತ್ತನಾಲ್ಕು ಕುರ್ಚಿ, ಒಂದೇ ಬಾಗಿಲು, ಕಿಟಕಿ ಇಲ್ಲ. ಶುಕ್ರವಾರ ಬೆಳಗ್ಗೆ ಪತ್ರಿಕೆಯವರಿಗೆ ಅಲ್ಲಿ ಹೊಸ ಸಿನಿಮಾ ತೋರಿಸುತ್ತಾರೆ. ಉದ್ದನೆಯ ಮನುಷ್ಯರೊಬ್ಬರು ಬಗ್ಗಿಕೊಂಡು ಬಂದು ನನ್ನ ಪಕ್ಕದ ಕುರ್ಚಿ ತೋರಿಸಿದರು.

"ಇಲ್ಲಿ ಕೂರಬಹುದಾ?"

"ಅದು ಖಾಲಿ ಇರಬೇಕು," ಅಂದೆ.

ಅವರು ಒಂದು ಕುರ್ಚಿ ಬಿಟ್ಟು ಕೂತರು. ಸಿನಿಮಾ ಶುರುವಾದ ಮೇಲೆ ಬೇರೆ ಪತ್ರಿಕೆಯವರೊಬ್ಬರು ಬಂದು ನಡುವೆ ತೂರಿಕೊಳ್ಳಲು ನೋಡಿದಾಗ ಕೈ ಅಡ್ಡ ಹಿಡಿದರು. "ಇಲ್ಲ ಸ್ವಾಮಿ, ಇವರ ಮನೆಯವರು ಬರ್ತಾರೆ."

ಎರಡೂವರೆ ಗಂಟೆ ಆ ಕುರ್ಚಿಯನ್ನು ಹಾಗೇ ಕಾದರು. ದೀಪ ಹತ್ತಿದಾಗ ಅವರ ಮುಖದಲ್ಲಿ ನಿಜವಾದ ಮರುಕವಿತ್ತು. "ಪಾಪ, ನಿಮ್ಮ ಮನೆಯವರು ಬರಲೇ ಇಲ್ವಲ್ಲ. ಒಂದು ಫೋನ್ ಮಾಡಿ ನೋಡಿ."

"ಮೂವತ್ತಮೂರು ವರ್ಷದಿಂದ ಬಂದಿಲ್ಲ. ಇವತ್ತೂ ಬರೋ ಹಾಗೆ ಕಾಣಲ್ಲ."

ಅವರ ಕಿವಿ ಕೆಂಪಗಾಯಿತು. ನಾನು ಆವತ್ತು ಆ ಕಿವಿಗಳನ್ನು ಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚೇ ನೋಡಿದೆ.

ಆಮೇಲೆ, ನನ್ನ ಜೊತೆ ಎಣಿಸಲು ಪತ್ರಿಕೆ ಹೊಸದಾಗಿ ಕಳಿಸಿದವರು ಇವರೇ ಎಂದು ತಿಳಿದು, ನಿಯಮ ವಿವರಿಸಿದೆ. ನಮ್ಮದು ಹರೆಯದ ಮಕ್ಕಳಿರುವ ಅಪ್ಪ ಅಮ್ಮಂದಿರು ಓದುವ ವಾರಪತ್ರಿಕೆ. ನಾನು ಅಲ್ಲಿ ಪ್ರೂಫ್ ತಿದ್ದುವವಳು. ಹೊಸ ಆ್ಯಕ್ಷನ್, ಥ್ರಿಲ್ಲರ್ ಬಂದರೆ 'ಮಕ್ಕಳು ನೋಡಬಹುದಾ?' ಎಂಬ ಅಂಕಣಕ್ಕೆ ಇಬ್ಬರು ಕೂತು ಎಣಿಸಬೇಕು. ಏಟು, ರಕ್ತ, ಸಾವು, ಹೆದರಿಕೆ ಎಂದು ನಾಲ್ಕು ಕಾಲಂ ಇರುವ ಹಾಳೆ. ಒಟ್ಟು ಮೂವತ್ತರ ಒಳಗಿದ್ದರೆ 'ನೋಡಬಹುದು'. ಮೂವತ್ತು ದಾಟಿದರೆ 'ಜೊತೆಗೆ ಕೂತು ನೋಡಿ'. ಅರವತ್ತು ದಾಟಿದರೆ 'ಸದ್ಯಕ್ಕೆ ಬೇಡ'.

ಒಬ್ಬರ ಹಾಳೆ ಇನ್ನೊಬ್ಬರಿಗೆ ಕಾಣಬಾರದು ಅಂತ ನಡುವೆ ಒಂದು ಕುರ್ಚಿ ಖಾಲಿ. ಎಣಿಸುವವರು ಪರಸ್ಪರ ನೆಂಟರಾಗಿರಬಾರದು. ಸಿನಿಮಾ ಬಗ್ಗೆ ಒಂದಕ್ಷರ ಮಾತಾಡಬಾರದು. ಇಬ್ಬರ ಲೆಕ್ಕದಲ್ಲಿ ಐದಕ್ಕಿಂತ ಹೆಚ್ಚು ವ್ಯತ್ಯಾಸ ಬಂದರೆ ಮಾತ್ರ ಭಾನುವಾರ ಮಧ್ಯಾಹ್ನ ದೊಡ್ಡ ಥಿಯೇಟರಿಗೆ ಹೋಗಿ, ಪಕ್ಕಪಕ್ಕ ಕೂತು, ಮಾತಾಡಿಕೊಂಡು, ಒಂದೇ ಹಾಳೆಯಲ್ಲಿ ಮತ್ತೆ ಎಣಿಸಬೇಕು.

"ವ್ಯತ್ಯಾಸ ಬರೋದು ಕಷ್ಟ ಮೇಡಂ," ಅಂದರು ಅವರು. "ನಾನು ಹೈಸ್ಕೂಲಲ್ಲಿ ಲೆಕ್ಕದ ಮೇಷ್ಟ್ರು. ಶುಕ್ರವಾರ ನನ್ನ ಪೀರಿಯಡ್‌ಗಳೆಲ್ಲ ಮಧ್ಯಾಹ್ನದ ಮೇಲೆ."

ಆ ದಿನ ಅದು ಒಳ್ಳೆಯ ಸುದ್ದಿ ಎಂದುಕೊಂಡಿದ್ದೆ.

*

ಎರಡು ವರ್ಷದ ಶುಕ್ರವಾರಗಳಲ್ಲಿ ನಾನು ತೆರೆಯ ಜೊತೆಗೆ ಮೇಷ್ಟ್ರನ್ನೂ ಓರೆಗಣ್ಣಲ್ಲಿ ನೋಡಿದ್ದೇನೆ. ಹೀರೋ ಹತ್ತು ಜನರನ್ನು ಎತ್ತಿ ಒಗೆಯುವಾಗ ಅವರಿಗೆ ಏನೂ ಆಗುವುದಿಲ್ಲ. ಹಣೆಗೆ ಪೆನ್ಸಿಲ್ ತಟ್ಟಿಕೊಂಡು ಎಣಿಸುತ್ತಾರೆ. ಆದರೆ ಯಾರಾದರೂ ಒಂಟಿಯಾಗಿ ಬಾಗಿಲ ಹಿಂದೆ ನಿಂತರೆ ಸಾಕು, ಆರಡಿ ಮನುಷ್ಯ ಕುರ್ಚಿಯೊಳಗೆ ಕುಗ್ಗುತ್ತಾರೆ. ಒಮ್ಮೆ ಹಾಗೆ ಕುಗ್ಗಿದ್ದಾಗ ನನ್ನ ಕಣ್ಣಿಗೆ ಸಿಕ್ಕಿಬಿದ್ದರು. "ಕಾಲು ಜೋಮು ಹಿಡಿದಿತ್ತು," ಎಂದು ಪಿಸುಗುಟ್ಟಿದರು. ನಾನು ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕೆ.

ಸಿನಿಮಾ ಮುಗಿದ ಮೇಲೆ ಬಸ್ ಬರುವವರೆಗೆ ಮೆಟ್ಟಿಲ ಮೇಲೆ ಹತ್ತು ನಿಮಿಷ ಸಿಗುತ್ತಿತ್ತು. ಸಿನಿಮಾ ಬಗ್ಗೆ ಮಾತಾಡುವ ಹಾಗಿಲ್ಲವಾದ್ದರಿಂದ ಬೇರೆಲ್ಲ ಮಾತಾಡಿದೆವು. ಅವರ ಹಲ್ಲುನೋವು, ನನ್ನ ಕನ್ನಡಕದ ನಂಬರು, ಅವರ ಕ್ಲಾಸಿನ ಹುಡುಗರು ಬೋರ್ಡಿನ ಮೇಲೆ ಅವರ ಮೂಗನ್ನು ತ್ರಿಕೋನ ಮಾಡಿ ಬರೆದದ್ದು.

"ಮದುವೆ ಯಾಕಾಗಲಿಲ್ಲ ಮೇಷ್ಟ್ರೇ?"

"ಉತ್ತರ ಬರಲಿಲ್ಲ. ಮುಂದಿನ ಲೆಕ್ಕಕ್ಕೆ ಹೋದೆ. ನಿಮ್ಮದು?"

"ನನ್ನ ಹತ್ತಿರ ಪ್ರಶ್ನೆಪತ್ರಿಕೆಯೇ ಬರಲಿಲ್ಲ."

ಅದು ನಗುವಿಗೆ ಹೇಳಿದ್ದಾದರೂ ನಿಜ. ಹನ್ನೊಂದು ವರ್ಷದ ಹಿಂದೆ ಅತ್ತಿಗೆ ತೀರಿಕೊಂಡಾಗ ಹದಿನೈದು ದಿನ ಇದ್ದು ಬರೋಣ ಅಂತ ಒಂದು ಬ್ಯಾಗ್ ಹಿಡಿದು ಅಣ್ಣನ ಮನೆಗೆ ಬಂದವಳು ನಾನು. ಅಣ್ಣ ರೈಲಿನ ಗಾರ್ಡ್. ಮನೆಯಲ್ಲಿ ಎರಡು ದಿನ ಇದ್ದರೆ ಮೂರು ದಿನ ಇರುವುದಿಲ್ಲ. ಅವನ ಮಗಳು ಪುಟ್ಟಿಗೆ ಆಗ ನಾಲ್ಕು ವರ್ಷ. ನನ್ನ ಸೆರಗು ಹಿಡಿದುಕೊಂಡೇ ನಿದ್ದೆ ಮಾಡುತ್ತಿದ್ದಳು.

ಅಣ್ಣ ಒಂದು ದಿನವೂ ಗದರಿದವನಲ್ಲ. ಬಂದವರೆದುರು ಹೊಗಳುತ್ತಾನೆ. "ಇವಳಿಲ್ಲದಿದ್ದರೆ ಈ ಮನೆ ಎಲ್ಲಿರ್ತಿತ್ತು? ನನ್ನ ತಂಗಿ ಚಿನ್ನ." ಬೈದಿದ್ದರೆ ಜಗಳವಾಡಿ ಹೊರಟುಬಿಡಬಹುದಿತ್ತು. ಹೊಗಳುವವರ ಮನೆಯಿಂದ ಹೇಗೆ ಹೊರಡುವುದು? ಗಂಡು ನೋಡುವ ಮಾತು ಮೊದಮೊದಲು ಬಂತು, ಪುಟ್ಟಿ ಸ್ವಲ್ಪ ದೊಡ್ಡವಳಾಗಲಿ ಅಂದರು. ಆಮೇಲೆ ಮಾತೂ ನಿಂತಿತು. ಅಡುಗೆಮನೆಯಿಂದ ಹಾಲಿಗೆ ಒಂಬತ್ತು ಹೆಜ್ಜೆ, ಹಾಲಿನಿಂದ ಬಾಲ್ಕನಿಗೆ ಆರು. ಕೆಲವು ಸಂಜೆ ಆ ಹೆಜ್ಜೆಗಳನ್ನೇ ಹಾಕುತ್ತಾ ನನಗೆ ಉಸಿರು ಸಾಲದಂತಾಗುತ್ತಿತ್ತು.

ಕಳೆದ ತಿಂಗಳು ಅಣ್ಣ ಊಟದ ನಡುವೆ ಹೇಳಿದ, "ಪುಟ್ಟಿಗೆ ಈ ಸಲ ಪಬ್ಲಿಕ್ ಎಕ್ಸಾಮ್. ನಿನ್ನ ಶುಕ್ರವಾರದ ಆ ಸಿನಿಮಾ ಗಿನಿಮಾ ಬಿಟ್ಟುಬಿಡು. ಪ್ರೂಫ್ ಮನೆಗೇ ಕಳಿಸಲಿ. ಒಂದು ವರ್ಷ ತಾನೇ?"

"ಆಗಲಿ," ಅಂದೆ. ನನಗೆ ಬಾಯಿಪಾಠವಾಗಿರುವ ಉತ್ತರ ಅದೊಂದೇ.

ಮೇಷ್ಟ್ರಿಗೆ ಮೆಟ್ಟಿಲ ಮೇಲೆ ತಿಳಿಸಿದೆ. ಅವರು ಬಸ್ ಬರುವ ದಿಕ್ಕಿಗೆ ತಿರುಗಿದರು.

"ಹಾಗಾದ್ರೆ ಮುಂದಿನ ಶುಕ್ರವಾರ ಕೊನೇದು."

"ಹೂಂ."

"ಒಳ್ಳೇದು," ಅಂದರು. ಒಂದಿಷ್ಟೂ ಒಳ್ಳೆಯದಲ್ಲ ಅಂತ ಅವರ ಗಂಟಲು ಹೇಳುತ್ತಿತ್ತು.

*

ಕೊನೆಯ ಶುಕ್ರವಾರದ ಸಿನಿಮಾ ಒಂದು ಥ್ರಿಲ್ಲರ್. ಹೊಡೆದಾಟ ಕಡಿಮೆ. ಒಬ್ಬ ಸಂಭಾವಿತ ಮನುಷ್ಯ ಒಬ್ಬ ಹುಡುಗಿಯನ್ನು ಮನೆಯಲ್ಲಿ ಕೂಡಿಹಾಕಿರುತ್ತಾನೆ. ಮೊದಲರ್ಧ ಸರಿಯಾಗಿಯೇ ಗುರುತು ಹಾಕಿದೆ. ಇಂಟರ್ವಲ್‌ನಲ್ಲಿ ನನ್ನೊಳಗೆ ಒಂದು ಕಳ್ಳಬುದ್ಧಿ ಎದ್ದಿತು.

ವ್ಯತ್ಯಾಸ ಐದು ದಾಟಿದರೆ ಒಂದು ಭಾನುವಾರ ಸಿಗುತ್ತದೆ. ಪಕ್ಕಪಕ್ಕದ ಕುರ್ಚಿ, ನಡುವೆ ಒಂದು ಪಾಪ್‌ಕಾರ್ನ್, ಮಾತಾಡಲು ಪರವಾನಗಿ. ಎರಡು ವರ್ಷದಲ್ಲಿ ಅಂಥ ಭಾನುವಾರ ಎರಡೇ ಸಲ ಬಂದಿತ್ತು. ಮೊದಲ ಸಲ ತಾಯಿ ಮಗನಿಗೆ ಹೊಡೆದ ಏಟು ಏಟೋ ಅಲ್ಲವೋ ಅಂತ ಕತ್ತಲಲ್ಲೇ ಜಗಳವಾಡಿ, ಹಿಂದಿನ ಸಾಲಿನವರ ಹತ್ತಿರ ಬೈಸಿಕೊಂಡಿದ್ದೆವು. ಎರಡನೇ ಸಲ ಅವರ ಮೊಣಕೈ ನನ್ನ ಮೊಣಕೈಗೆ ತಾಗಿ ಅಲ್ಲೇ ಉಳಿದಿತ್ತು, ಇಬ್ಬರೂ ತೆಗೆದಿರಲಿಲ್ಲ.

ಇನ್ನೊಂದು ಬೇಕಿತ್ತು. ಒಂದೇ ಒಂದು.

ಏಟು ಕಡಿಮೆ ಬರೆದರೆ ಸುಳ್ಳು ಸಿಕ್ಕಿಬೀಳುತ್ತದೆ. ಆದರೆ ಹೆದರಿಕೆ ಅವರವರ ಎದೆಗೆ ಬಿಟ್ಟದ್ದು. ಕೊನೆಯ ಅರ್ಧ ಗಂಟೆ ಆ ಕಾಲಂನಲ್ಲಿ ನಾನು ಏನೂ ಬರೆಯಲಿಲ್ಲ. ಒಂಬತ್ತು ಸಲ ಎದೆ ಹಾರಿತ್ತು, ಒಂಬತ್ತನ್ನೂ ಬಿಟ್ಟೆ. ಮೂವತ್ತೇಳು ಇರಬೇಕಾದದ್ದು ಇಪ್ಪತ್ತೆಂಟಾಯಿತು. ಬಾಗಿಲಲ್ಲಿ ಕವರಿಗೆ ಪಿನ್ ಹೊಡೆದು ಕೊಟ್ಟೆ. ಮೇಷ್ಟ್ರು ನನ್ನ ಮುಖ ನೋಡದೆ ತಮ್ಮ ಕವರ್ ಕೊಟ್ಟರು. ಅವರ ಕಿವಿ ಕೆಂಪಗಿತ್ತು.

ಶನಿವಾರ ಸಂಜೆಯವರೆಗೂ ಸಂಪಾದಕಿ ಮೇಡಂ ಫೋನಿಗೆ ಕಾದೆ. ಕೊನೆಗೆ ನಾನೇ ಮಾಡಿದೆ.

"ಭಾನುವಾರ ಯಾಕೆ ಬೇಕಮ್ಮಾ? ನಿಂದು ಇಪ್ಪತ್ತೆಂಟು, ಮೇಷ್ಟ್ರದು ಇಪ್ಪತ್ತೊಂಬತ್ತು. ಇಷ್ಟು ಚೆನ್ನಾಗಿ ಯಾವತ್ತೂ ಹೊಂದಿರಲಿಲ್ಲ. 'ನೋಡಬಹುದು' ಅಂತ ಕಳಿಸಿಬಿಟ್ಟೆ."

ಫೋನ್ ಇಟ್ಟು ಗೋಡೆಗೆ ಒರಗಿದೆ. ಅರ್ಧ ಮನಸ್ಸು ಅತ್ತಿತು. ಇನ್ನರ್ಧಕ್ಕೆ ತಡವಾಗಿ ಹೊಳೆಯಿತು: ಬಾಗಿಲ ಹಿಂದೆ ಯಾರಾದರೂ ನಿಂತರೇ ಕುಗ್ಗುವ ಮನುಷ್ಯ, ಈ ಸಿನಿಮಾಕ್ಕೆ ಬರೀ ಇಪ್ಪತ್ತೊಂಬತ್ತಾ?

*

ಪತ್ರಿಕೆ ಬುಧವಾರ ಬಂತು. ಗುರುವಾರ ಪುಟ್ಟಿ ಗೆಳತಿಯರ ಜೊತೆ ಆ ಸಿನಿಮಾಕ್ಕೆ ಹೋದಳು. "ಅತ್ತೇನೇ ಎಣಿಸಿದಾರೆ, ಧೈರ್ಯವಾಗಿ ಹೋಗಬಹುದು," ಅಂತ ಎಲ್ಲರಿಗೂ ಹೇಳಿದ್ದಳಂತೆ. ತಡೆಯಲು ನನಗೆ ಬಾಯಿಯೇ ಬರಲಿಲ್ಲ. ತಡೆದರೆ ಕಾರಣ ಹೇಳಬೇಕಿತ್ತು.

ಮರುದಿನದಿಂದ ಅವಳು ಬಚ್ಚಲಿನ ಬಾಗಿಲು ಹಾಕದೆ ಸ್ನಾನ ಮಾಡತೊಡಗಿದಳು. ಶನಿವಾರ ಬೆಳಗ್ಗೆ ಜಡೆ ಹಾಕುವಾಗ ಕೇಳಿದೆ.

"ತುಂಬ ಹೆದರಿಕೆ ಆಯ್ತೇನೇ?"

"ಹೊಡೆದಾಟಕ್ಕೆಲ್ಲ ಯಾರು ಹೆದರ್ತಾರೆ ಅತ್ತೆ? ಅದು ನೋಡಿ ನಾವು ನಗ್ತಾ ಇದ್ವಿ. ಆದ್ರೆ ಅವನು ಬೈಯೋದೂ ಇಲ್ಲ, ಹೊಡೆಯೋದೂ ಇಲ್ಲ. 'ನೀನಿಲ್ಲದಿದ್ರೆ ನಂಗ್ಯಾರಿದಾರೆ' ಅಂತ ಪ್ರೀತಿಯಿಂದ ಹೇಳಿ ಹೇಳಿ ಬಾಗಿಲು ಹಾಕ್ಕೊಂಡು ಹೋಗ್ತಾನೆ." ಆಮೇಲೆ ಅಂದಳು, "ಅಪ್ಪ ನಿಮಗೆ ಹೇಳೋದೂ ಅದೇ ಅಲ್ವಾ?"

ಜಡೆ ನನ್ನ ಕೈಯಿಂದ ಬಿಚ್ಚಿಹೋಯಿತು.

"ಹಾಗೆಲ್ಲ ಅನ್ನಬಾರದು. ಅಪ್ಪ ಒಳ್ಳೆಯವರು."

"ಗೊತ್ತು. ಅದಕ್ಕೇ ಹೆದರಿಕೆ ಆಗಿದ್ದು," ಅಂದಳು ಹದಿನೈದರ ಹುಡುಗಿ. "ಅತ್ತೆ, ನಿಮಗೆ ಅಲ್ಲಿ ಕೂತಾಗ ಒಂಚೂರೂ ಹೆದರಿಕೆ ಆಗಲಿಲ್ವಾ?"

ಒಂದು ಭಾನುವಾರದ ಆಸೆಗೆ ನಾನು ಈ ಮಗುವಿಗೆ ಸುಳ್ಳು ಹೇಳಿದ್ದೆ. ಆ ಕ್ಷಣದ ನಾಚಿಕೆ ಇವತ್ತಿಗೂ ನನ್ನ ಬೆನ್ನು ಬಿಟ್ಟಿಲ್ಲ.

*

ಸೋಮವಾರ ಸಂಪಾದಕಿ ಮೇಡಂ ಇಬ್ಬರನ್ನೂ ಕರೆಸಿದರು. ಮೇಜಿನ ಮೇಲೆ ಅಪ್ಪ ಅಮ್ಮಂದಿರ ಪತ್ರಗಳ ಕಟ್ಟು, ಪಕ್ಕದಲ್ಲಿ ನಮ್ಮ ಎರಡು ಹಾಳೆ.

"ನಿನ್ನೆ ನಾನೇ ಹೋಗಿ ನೋಡಿ ಬಂದೆ. ನಂಗೆ ಮೂವತ್ತೆಂಟು ಬಂತು. ಒಬ್ಬರು ತಪ್ಪಿದ್ರೆ ಕಣ್ತಪ್ಪು ಅನ್ನಬಹುದು. ಇಬ್ಬರೂ ಅದೇ ಕಾಲಂ, ಅದೇ ಅರ್ಧ ಗಂಟೆ ಖಾಲಿ ಬಿಟ್ಟಿದೀರಿ. ಸಿನಿಮಾದವರು ಬಂದು ಮಾತಾಡಿಸಿದ್ರಾ? ನಿಜ ಹೇಳಿ."

ಅಂಕಣ ಉಳಿಯುತ್ತೋ ಹೋಗುತ್ತೋ, ನಮ್ಮ ಮರ್ಯಾದೆ ಹೋಗುವ ಹಾಗೆ ಕಂಡಿತು. ಮೇಷ್ಟ್ರು ಬಾಯಿ ತೆರೆಯುವ ಮೊದಲೇ ನಾನು ನುಗ್ಗಿದೆ.

"ತಪ್ಪು ನಂದು ಮೇಡಂ. ಒಂಬತ್ತು ಹೆದರಿಕೆ ಬೇಕೂಂತಲೇ ಬಿಟ್ಟೆ. ಮೇಷ್ಟ್ರಿಗೆ ಗೊತ್ತಿರಲಿಲ್ಲ."

"ನಾನು ಹನ್ನೊಂದು ಬಿಟ್ಟೆ," ಅಂದರು ಮೇಷ್ಟ್ರು. "ಇವರಿಗೆ ಗೊತ್ತಿರಲಿಲ್ಲ."

ನಾವು ಒಬ್ಬರ ಮುಖ ಒಬ್ಬರು ನೋಡಿದೆವು. ಎರಡು ವರ್ಷ ಓರೆಗಣ್ಣಲ್ಲಿ ನೋಡಿದ್ದ ಮುಖ, ಈಗ ಬೆಳಕಲ್ಲಿ, ಎದುರಿಗೆ. ಅವರ ಕಣ್ಣು ತುಂಬಿತ್ತು.

"ಯಾಕೆ?" ಮೇಡಂ ಧ್ವನಿ ಏರಿತು.

"ವ್ಯತ್ಯಾಸ ಬರಲಿ ಅಂತ," ಅಂದರು ಮೇಷ್ಟ್ರು. "ಇವರು ಸರಿಯಾಗೇ ಎಣಿಸ್ತಾರೆ, ನಾನು ಕಡಿಮೆ ಮಾಡಿದ್ರೆ ಭಾನುವಾರ ಸಿಗುತ್ತೆ ಅಂದ್ಕೊಂಡೆ. ಇವರೂ ನನ್ನಷ್ಟೇ ದಡ್ಡರು ಅಂತ ಗೊತ್ತಿರಲಿಲ್ಲ."

"ದಡ್ಡಿ ಅನ್ನಿ, ಪರವಾಗಿಲ್ಲ," ಅಂದೆ. "ಆದ್ರೆ ಎರಡು ವರ್ಷದಲ್ಲಿ ಒಂದು ಮಾತು ಬಾಯಿಬಿಟ್ಟು ಕೇಳೋಕೆ ಏನಾಗಿತ್ತು ಮೇಷ್ಟ್ರೇ?"

"ಕೇಳಿದ್ರೆ, ನೆಂಟರು ಒಟ್ಟಿಗೆ ಎಣಿಸಬಾರದು ಅನ್ನೋ ನಿಯಮದ ಪ್ರಕಾರ ನಿಮ್ಮ ಪಕ್ಕ ಕೂರೋ ಕೆಲಸ ಹೋಗ್ತಿತ್ತು. ಇದ್ದ ಶುಕ್ರವಾರವೂ ಕಳ್ಕೊಂಡ್ರೆ ಅಂತ..." ಅವರು ಅಲ್ಲಿಗೇ ನಿಲ್ಲಿಸಿದರು. ಆಮೇಲೆ ಸ್ಪಷ್ಟವಾಗಿ, ಕ್ಲಾಸಿನ ಕೊನೇ ಬೆಂಚಿಗೂ ಕೇಳುವಂತೆ ಹೇಳಿದರು, "ನನಗೆ ನೀವು ಬೇಕು."

ಮೇಡಂ ಪತ್ರಗಳ ಕಟ್ಟನ್ನು ಮೇಜಿನ ಮೇಲೆ ಕುಟ್ಟಿದರು. "ಈ ಆಟದಲ್ಲಿ ಊರ ಮಕ್ಕಳ ನಿದ್ದೆ ಕೆಡಿಸಿದಿರಲ್ಲ, ಪುಣ್ಯಾತ್ಮರಾ! ಇಬ್ಬರಿಗೂ ಇವತ್ತಿಂದ ಎಣಿಕೆ ಇಲ್ಲ. ತಪ್ಪೊಪ್ಪಿಗೆ ಬರೆದುಕೊಡಿ. ಕಾರಣ ಸಮೇತ. ಕಾರಣ ಹಾಕದಿದ್ರೆ ಜನ ದುಡ್ಡು ತಗೊಂಡಿದೀವಿ ಅಂತಾರೆ." ಬಾಗಿಲವರೆಗೆ ಹೋದ ಮೇಲೆ ಹಿಂದಿನಿಂದ ಕೇಳಿಸಿತು, "ಪ್ರೂಫ್ ನೀನೇ ನೋಡು. ಈ ಸಲವಾದ್ರೂ ಏನೂ ಬಿಡಬೇಡ."

*

ಬುಧವಾರ ನಮ್ಮ ತಪ್ಪೊಪ್ಪಿಗೆ ಅಚ್ಚಾಯಿತು. ಅಣ್ಣ ಡ್ಯೂಟಿಯಿಂದ ಬಂದು ಕಾಫಿ ಕುಡಿಯುತ್ತಿದ್ದ. ಪುಟ್ಟಿ ಪತ್ರಿಕೆಯನ್ನು ಅವನ ಮುಂದೆ ಇಟ್ಟು, ಅಲ್ಲೇ ನಿಂತಳು. ಅವನು ಓದಿದ. ಮತ್ತೆ ಮೇಲಿಂದ ಓದಿದ.

ನನಗೆ ಎಲ್ಲಿ ಹೊಗಳಿಬಿಡುತ್ತಾನೋ ಅಂತ ಭಯವಾಗಿತ್ತು.

"ಯಾರಿವರು?"

"ಲೆಕ್ಕದ ಮೇಷ್ಟ್ರು. ಕೆಳಗೆ ರಸ್ತೆಯಲ್ಲಿ ನಿಂತಿದಾರೆ. ಮೇಲೆ ಬರಬೇಡಿ, ನನ್ನಣ್ಣನ ಹತ್ತಿರ ನಾನೇ ಮಾತಾಡ್ತೀನಿ ಅಂದೆ."

"ಪುಟ್ಟಿ ಎಕ್ಸಾಮು... ನೀನಿಲ್ಲದಿದ್ದರೆ ಈ ಮನೆ..."

"ಅಪ್ಪಾ," ಅಂದಳು ಪುಟ್ಟಿ. ಅಷ್ಟೇ ಅಂದದ್ದು.

ಅಣ್ಣ ಮಗಳನ್ನು ನೋಡಿದ, ಲೋಟ ಕೆಳಗಿಟ್ಟ. ಅವನ ಕೂದಲು ಇಷ್ಟು ಬೆಳ್ಳಗಾಗಿದೆ ಅಂತ ನಾನು ಗಮನಿಸಿರಲೇ ಇಲ್ಲ. ಅವನ ಮೇಲೆ ಪ್ರೀತಿಯೂ ಬಂತು, ಹನ್ನೊಂದು ವರ್ಷದ ಸಿಟ್ಟೂ ಬಂತು.

"ಇಷ್ಟು ವರ್ಷದಲ್ಲಿ ಹೋಗ್ತೀನಿ ಅಂತ ನೀನು ಒಂದು ಸಲನೂ ಹೇಳಲಿಲ್ಲ," ಅಂದ.

"ನೀನೂ ಒಂದು ಸಲ ಕೇಳಲಿಲ್ಲ ಅಣ್ಣ."

ಕೆಳಗೆ ಯಾರೋ ಸ್ಕೂಟರ್ ಸ್ಟಾರ್ಟ್ ಮಾಡಿಕೊಂಡು ಹೋದರು.

"ಕೇಳ್ತಾ ಇದೀನಿ," ಅಂದ ಕೊನೆಗೆ, ನೆಲ ನೋಡುತ್ತಾ. "ಹೋಗ್ತೀಯಾ?"

'ಆಗಲಿ' ಅನ್ನಲಿಲ್ಲ ನಾನು.

"ಹೋಗ್ತೀನಿ," ಅಂದೆ.