ಒಂಬತ್ತನೇ ಕೋಣೆಯ ನೂರು ರೀಡಿಂಗ್

ಹನ್ನೆರಡನೇ ತಾರೀಖು ಬೆಳಿಗ್ಗೆ 10.20ಕ್ಕೆ ಠಾಣೆಗೆ ದೂರು ತಂದವಳು ಒಬ್ಬ ಟೈಲರ್. ಹಿಂದಿನ ದಿನ ಮಧ್ಯಾಹ್ನ ಅವಳ ತಾಯಿ ಆಸ್ಪತ್ರೆಯ ಒಂಬತ್ತನೇ ಕೋಣೆಯಲ್ಲಿ ಉಸಿರುಗಟ್ಟಿ ತೀರಿಕೊಂಡಿದ್ದರು. ನಿದ್ದೆಯಲ್ಲೇ ಹೋದರು, ಬೆಲ್ ಒತ್ತಲೇ ಇಲ್ಲ ಎಂದು ಆಸ್ಪತ್ರೆಯವರು ಕೈತೊಳೆದುಕೊಂಡಿದ್ದರು. ಆದರೆ ಮಗಳು ನೋಡಿದಾಗ ತಾಯಿಯ ಬೆರಳು ಬೆಲ್ಲಿನ ಮೇಲೇ ಇತ್ತು.

"ಅಮ್ಮ ಕರೆದ್ಲೋ ಇಲ್ವೋ, ಅಷ್ಟು ಹೇಳಿ ಸಾಕು," ಎಂದಳು.

ಇನ್ಸ್‌ಪೆಕ್ಟರ್ ಎಫ್‌ಐಆರ್ ದಾಖಲಿಸಿದರು.

11.45ಕ್ಕೆ ಆಸ್ಪತ್ರೆಯಲ್ಲಿ ಪಂಚನಾಮೆ. ಬೆಲ್ ವೈರ್‌ಲೆಸ್, ಒತ್ತಿದರೆ ನರ್ಸ್ ಮೇಜಿನ ಪೆಟ್ಟಿಗೆ ಸದ್ದು ಮಾಡಬೇಕು. ಪೆಟ್ಟಿಗೆಯಲ್ಲಿ ಒಂದು ಕರೆಯೂ ದಾಖಲಾಗಿರಲಿಲ್ಲ. ಬೆಲ್ಲಿನೊಳಗಿನ ಚಿಪ್ ಮಾತ್ರ ಬೇರೆ ಕತೆ ಹೇಳಿತು: 3.05ರಿಂದ 3.31ರವರೆಗೆ ಹದಿನಾಲ್ಕು ಸಲ ಒತ್ತಲಾಗಿತ್ತು. ಇನ್ಸ್‌ಪೆಕ್ಟರ್ ಬೆಲ್ ಹಾಕಿಸಿದ ಕಾಗದಪತ್ರ ಕೇಳಿದರು.

ಆಸ್ಪತ್ರೆಯ ಮ್ಯಾನೇಜರು ಮುಖ ಗಂಟು ಹಾಕಿಕೊಂಡೇ ಸರ್ವೆ ವರದಿ ಕೊಟ್ಟ. ಆರು ತಿಂಗಳ ಹಿಂದೆ, ಬೆಲ್ ಹಾಕುವ ಮುಂಚೆ, ಬೆಲ್ ಕಂಪನಿಯ ತಂತ್ರಜ್ಞನೊಬ್ಬ ಪ್ರತಿ ಮಂಚದ ಪಕ್ಕ ನಿಂತು ಸಿಗ್ನಲ್ ಅಳೆದಿದ್ದ. ಹತ್ತು ಸೆಕೆಂಡಿಗೊಂದರಂತೆ ನೂರು ರೀಡಿಂಗ್, ಹೆಚ್ಚೂಕಡಿಮೆ ಹದಿನೇಳು ನಿಮಿಷದ ಕೆಲಸ. ಅಂಕಿ ದೊಡ್ಡದಾದಷ್ಟೂ ಸಿಗ್ನಲ್ ದುರ್ಬಲ; ದುರ್ಬಲವಿದ್ದ ಕೋಣೆಯ ಹತ್ತಿರ ಇನ್ನೊಂದು ಪೆಟ್ಟಿಗೆ ಕೂರಿಸಬೇಕು. ಹೆಡ್ ಕಾನ್‌ಸ್ಟೆಬಲ್ ಮೇಡಂ ಸಾಲುಸಾಲಾಗಿ ಓದಿದರು. ಉಳಿದ ಕೋಣೆಗಳಲ್ಲಿ ಅರವತ್ತು, ಎಪ್ಪತ್ತೊಂದು, ಅರವತ್ತಮೂರು, ಇದ್ದಕ್ಕಿದ್ದಂತೆ ಎಂಬತ್ತೆರಡು. ಒಂಬತ್ತರಲ್ಲಿ ಅರವತ್ತೊಂದು, ಅರವತ್ತೆರಡು, ಮತ್ತೆ ಅರವತ್ತೊಂದು, ಕೊನೆಯವರೆಗೂ ಅದೇ.

"ಸಾರ್, ನಮ್ಮ ಹಾಜರಿ ಪುಸ್ತಕ ಕೂಡ ಇಷ್ಟು ನೀಟಾಗಿರಲ್ಲ."

ಮರುದಿನ ಅದೇ ಮಂಚದ ಪಕ್ಕ ನಿಂತು ಬೇರೆ ಯಂತ್ರದಲ್ಲಿ ಅಳೆಸಿದರು. ಟ್ರಾಲಿ ಹಾದರೆ ಅಂಕಿ ಏರಿತು, ನರ್ಸ್ ಅಡ್ಡ ಬಂದರೆ ಏರಿತು, ಬಾಗಿಲು ಮುಚ್ಚಿದರೆ ಬೆಲ್ಲಿನ ಸಿಗ್ನಲ್ ಪೆಟ್ಟಿಗೆಗೆ ತಲುಪಲೇ ಇಲ್ಲ. ಜನ ಓಡಾಡುವ ಕಟ್ಟಡದೊಳಗೆ ಸಿಗ್ನಲ್ ಒಂದೇ ಸಮನೆ ನಿಲ್ಲುವುದಿಲ್ಲ. ಒಂಬತ್ತರ ಅಂಕಿಗಳನ್ನು ಯಾರೋ ಕೂತು ಬರೆದಿದ್ದರು.

ಹದಿನಾಲ್ಕರ ಮಧ್ಯಾಹ್ನ 4 ಗಂಟೆಗೆ ತಂತ್ರಜ್ಞನ ವಿಚಾರಣೆ. ನಡುವಯಸ್ಸಿನ, ಮೆತ್ತಗೆ ಮಾತಾಡುವ ಮನುಷ್ಯ.

"ಒಂಬತ್ತನೇ ಕೋಣೇಲಿ ನಿಂತು ಅಳೆದ್ರಾ?" ಇನ್ಸ್‌ಪೆಕ್ಟರ್ ಕೇಳಿದರು.

"ಅಳೆದೆ ಸಾರ್."

"ಮಂಚ ಎಲ್ಲಿತ್ತು?"

"ಕಿಟಕಿ ಪಕ್ಕ."

"ಅದನ್ನ ಗೋಡೆ ಕಡೆ ಸರಿಸಿ ಒಂದು ವರ್ಷ ಆಯ್ತು."

ಅವನು ತಲೆ ತಗ್ಗಿಸಿದ. "ನನ್ನ ಹೆಂಡ್ತಿ ಹೋದಾಗ ಕಿಟಕಿ ಪಕ್ಕ ಇತ್ತು."

ಎರಡು ವರ್ಷದ ಹಿಂದಿನ ಮಾತು. ಸರ್ವೆ ದಿನ ಬಾಗಿಲ ತನಕ ಹೋಗಿದ್ದನಂತೆ, ಕಾಲು ಏಳಲಿಲ್ಲವಂತೆ. ನನ್ನಿಂದಾಗದು ಎಂದು ಕಂಪನಿಗೆ ಹೇಳಲು ನಾಚಿಕೆ. ಕಾರಿಡಾರಿನ ಬೆಂಚಿನಲ್ಲಿ ಕೂತು ತೋಚಿದ್ದನ್ನು ಗೀಚಿದ. ಆ ಕೋಣೆಗೆ ಕೆಟ್ಟ ಅಂಕಿ ಬರೆಯಲು ಮನಸ್ಸು ಬರಲಿಲ್ಲ ಎಂದೂ ಹೇಳಿದ. ಹೆಡ್ ಕಾನ್‌ಸ್ಟೆಬಲ್ ಮೇಡಂಗೆ ಬೈಯಬೇಕೆನಿಸಿತ್ತು, ಬೈಯಲಾಗಲಿಲ್ಲ. 4.50ಕ್ಕೆ ಬಂಧನ.

ಸಂಜೆ ಇನ್ಸ್‌ಪೆಕ್ಟರ್ ತಾವೇ ಟೈಲರ್ ಮನೆಗೆ ಹೋಗಿ, ತಾಯಿ ಕರೆದದ್ದನ್ನೂ, ಎಷ್ಟು ಹೊತ್ತು, ಎಷ್ಟು ಸಲ ಎಂಬುದನ್ನೂ, ಬಂಧಿತನ ಕಾರಣವನ್ನೂ ಮುಚ್ಚುಮರೆಯಿಲ್ಲದೆ ತಿಳಿಸಿದರು. ಅವಳು ಶಪಿಸಲಿಲ್ಲ.

"ಪಾಪ, ಅವ್ರಿಗೆ ಹದಿನೇಳು ನಿಮಿಷ ಅಲ್ಲಿ ನಿಲ್ಲೋಕಾಗ್ಲಿಲ್ಲ," ಎಂದಳು. "ನಮ್ಮಮ್ಮ ಇಪ್ಪತ್ತಾರು ನಿಮಿಷ ಇದ್ಲು, ಒಬ್ಬಳೇ."